ಎರಡು ಗೆರೆಗಳ ಜಗಳ

‘ಕ = ಕ + 1’ ಎಂದು ಬರೆದರೆ ಗಣಿತದ ಮೇಷ್ಟರು ಕೆಂಪು ಪೆನ್ನಿನಲ್ಲಿ ಅಡ್ಡಗೀಟು ಎಳೆಯುತ್ತಾರೆ. ಪ್ರೋಗ್ರಾಮಿಂಗ್‌ನಲ್ಲಿ ಅದೇ ಮೊದಲ ಪಾಠ. ಇಲ್ಲಿ = ಅಂದರೆ ಸಮ ಎಂದಲ್ಲ, ‘ಬಲಗಡೆ ಇರುವುದನ್ನು ಎಡಗಡೆಯ ಡಬ್ಬಿಗೆ ಹಾಕು’ ಎಂಬ ಅಪ್ಪಣೆ.

ವೇಲ್ಸ್‌ನ ರಾಬರ್ಟ್ ರೆಕಾರ್ಡ್ 1557ರಲ್ಲಿ ಈ ಜೋಡಿಗೆರೆ ಎಳೆದದ್ದು ಸಮಾನತೆಯನ್ನು ತೋರಿಸಲೆಂದೇ. ಸರಿಯಾಗಿ 400 ವರ್ಷದ ಮೇಲೆ ಬಂದ ಫೋರ್ಟ್ರಾನ್ ಅದನ್ನು ‘ಹಾಕು’ ಎಂಬುದಕ್ಕೆ ಬಳಸಿತು. ಆಲ್ಗಾಲ್ ಗಣಿತದ ಮರ್ಯಾದೆ ಉಳಿಸಿತು: ಹಾಕುವುದಕ್ಕೆ :=, ಹೋಲಿಸುವುದಕ್ಕೆ =. ಕಾಲೇಜಿನಲ್ಲಿ ಪಾಸ್ಕಲ್ ಕಲಿತವರಿಗೆ ಇದು ನೆನಪಿರುತ್ತದೆ. ಆದರೆ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ‘ಬಿ’ ಭಾಷೆ ಕಟ್ಟುವಾಗ := ಬಿಟ್ಟು ಬರೀ = ಇಟ್ಟರು. ಹೋಲಿಕೆಗೆ == ಬಂತು. ಇದು ಅಭಿರುಚಿಯಿಂದ ಆದ ಬದಲಾವಣೆ, ವಿವಾದ ಇನ್ನೂ ಇದೆ ಎಂದು ‘ಸಿ’ ಭಾಷೆಯ ಡೆನ್ನಿಸ್ ರಿಚಿ 1993ರಲ್ಲಿ ಬರೆದರು. ಅಷ್ಟರಲ್ಲಿ ಅದು ‘ಸಿ’ಯಲ್ಲಿ ಬೇರೂರಿತ್ತು. ಮುಂದೆ ಜಾವಾ, ಜಾವಾಸ್ಕ್ರಿಪ್ಟ್‌ಗೂ ಹಬ್ಬಿತು.

‘ಸಿ’ಯಲ್ಲಿ ‘ಹಾಕು’ ಎಂಬ ಕ್ರಿಯೆಗೂ ಒಂದು ಬೆಲೆ ಇದೆ. ಹಾಗಾಗಿ ಷರತ್ತಿನೊಳಗೆ == ಬದಲು = ಬಿದ್ದರೂ ಪ್ರೋಗ್ರಾಂ ಓಡುತ್ತದೆ. 2003ರ ನವೆಂಬರ್‌ನಲ್ಲಿ ಲಿನಕ್ಸ್ ಕರ್ನಲ್‌ನ ಒಂದು ಪ್ರತಿಯೊಳಗೆ ಯಾರೋ ಕದ್ದು ಎರಡು ಸಾಲು ಸೇರಿಸಿದರು. ಮೇಲ್ನೋಟಕ್ಕೆ ‘ಬಳಕೆದಾರನ ಸಂಖ್ಯೆ 0 ಹೌದೇ?’ ಎಂಬ ಸಾಮಾನ್ಯ ಪ್ರಶ್ನೆ. ಆದರೆ ಇದ್ದದ್ದು ಒಂದೇ =. ಲಿನಕ್ಸ್‌ನಲ್ಲಿ ಸಂಖ್ಯೆ 0 ಅಂದರೆ ರೂಟ್, ಇಡೀ ಯಂತ್ರದ ಯಜಮಾನ. ಪ್ರಶ್ನೆಯಂತೆ ಕಾಣುವ ಆ ಸಾಲು ಯಜಮಾನಿಕೆಯನ್ನೇ ಕೈಗಿಡುತ್ತಿತ್ತು! ಮೂಲ ಸಂಗ್ರಹದ ಜೊತೆ ತಾಳೆಯಾಗದ ಕಾರಣ ಸಿಕ್ಕಿಬಿತ್ತು. ಬರೀ ಕಣ್ಣಿನಿಂದ ಓದಿದ್ದರೆ ನನಗಂತೂ ಸಿಗುತ್ತಿರಲಿಲ್ಲ.

ಪೈಥಾನ್ ಈ ಬಾಗಿಲನ್ನು ಮೊದಲೇ ಮುಚ್ಚಿತ್ತು. ಷರತ್ತಿನೊಳಗೆ = ಬರೆದರೆ ಅಲ್ಲಿ ನೇರ ದೋಷ. ಆದರೂ ಬೆಲೆಯನ್ನು ಹಾಕಿ ಅಲ್ಲೇ ಪರೀಕ್ಷಿಸುವ ಅನುಕೂಲ ಬೇಕು ಎಂಬ ಬೇಡಿಕೆ ಇತ್ತು. ಅದಕ್ಕೆ 2018ರಲ್ಲಿ ಬಂದ ಸಲಹೆ ಅದೇ ಹಳೆಯ :=. ಕಣ್ಣು, ಕೋರೆಹಲ್ಲಿನಂತೆ ಕಾಣುವುದರಿಂದ ವಾಲ್ರಸ್ ಎಂಬ ಅಡ್ಡಹೆಸರು. ಭಾಷೆಯ ಸರಳತೆ ಹಾಳಾಗುತ್ತದೆ ಎಂದು ಅನೇಕರು ಸಿಡಿದೆದ್ದರು. ಪೈಥಾನ್ ಸೃಷ್ಟಿಸಿದ ಗೀಡೊ ವಾನ್ ರಾಸಮ್ ಅದನ್ನು ಒಪ್ಪಿ, ಜುಲೈ 12ರಂದು ನಾಯಕತ್ವವನ್ನೇ ಬಿಟ್ಟರು. ಒಂದು ಸಲಹೆಗಾಗಿ ಇಷ್ಟು ಗುದ್ದಾಡಿ, ಇಷ್ಟು ಜನರ ಸಿಟ್ಟು ಕಟ್ಟಿಕೊಳ್ಳುವುದು ಇನ್ನು ಸಾಕು ಎಂಬುದು ಅವರ ಮಾತಿನ ಧಾಟಿ.

ವಾಲ್ರಸ್ 2019ರ ಅಕ್ಟೋಬರ್‌ನಲ್ಲಿ ಪೈಥಾನ್ 3.8ರ ಜೊತೆ ಬಂತು. ನನಗೆ ಅದು ಇಷ್ಟ. ಕೋಡ್ ಓದುವಾಗ ಅದನ್ನು == ಎಂದು ಕಣ್ಣು ತಪ್ಪಿ ಓದಲು ಆಗುವುದಿಲ್ಲ.