ಸಾನಮಾವಿನಲ್ಲೊಂದು ಹೊಗೆಕೊಳವೆ

ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯಲ್ಲಿ ಸಾನಮಾವು ಎಂಬ ಹಳ್ಳಿಯಿದೆ. ಹಳ್ಳಿಗೆ ತಾಗಿಕೊಂಡೇ ಮೀಸಲು ಅರಣ್ಯ. ರಾಗಿ ಬಲಿಯುವ ಕಾಲಕ್ಕೆ ಆನೆಗಳ ಹಿಂಡು ಇಲ್ಲಿಗೆ ಬಂದು ಬೀಡುಬಿಡುವುದು ವರ್ಷ ವರ್ಷದ ರೂಢಿ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಜಗಲಿಯಲ್ಲಿ ಕೇಳಿಬರುತ್ತವೆ. ಕಾಸರಗೋಡಿನವರಾದ ನಮಗೆ ಅದೇನೂ ಹೊಸತೆನಿಸಲಿಲ್ಲ.

ಕಳೆದ ದಶಂಬರದ ರಜೆಯಲ್ಲಿ ನಾವು ಅಲ್ಲಿಗೆ ಹೋದದ್ದು ಹಳೆಯ ವಿದ್ಯಾರ್ಥಿಯೊಬ್ಬನ ಒತ್ತಾಯಕ್ಕೆ. ನಮ್ಮ ಶಾಲೆಯಲ್ಲಿ ಕನ್ನಡದಲ್ಲೇ ಕಲಿತು, ಐ.ಟಿ.ಐ. ಮುಗಿಸಿ, ಈಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ವೆಲ್ಡರ್ ಆಗಿದ್ದಾನೆ. ನಾವು ತಲುಪಿದಾಗ ಅಂಗಳದಲ್ಲಿ ಅವನ ಹಳೆಯ ಮಾರುತಿ 800 ಇಟ್ಟಿಗೆಗಳ ಮೇಲೆ ಕುಳಿತಿತ್ತು. ಅವನು ಅದರ ಕೆಳಗೆ ಮಲಗಿದ್ದ.

"ಕಾರು ಹತ್ತಿದರೆ ಮಗಳಿಗೆ ತಲೆನೋವು, ವಾಂತಿ, ಮಾಷ್ಟ್ರೇ. ಪ್ರಯಾಣ ಆಗದ ಮೈ ಅಂತ ಸುಮ್ಮನಿದ್ದೆವು. ಮೊನ್ನೆ ಕೆಳಗೆ ನುಸುಳಿ ನೋಡಿದರೆ ಇದು," ಎಂದು ಕೊಳವೆಯೊಂದನ್ನು ನಮ್ಮ ಮುಂದಿಟ್ಟ. ಹಿಂದಿನ ಸೀಟಿನ ಅಡಿಗೆ ಬರುವ ಜಾಗದಲ್ಲಿ ಎರಡು ಬೆರಳು ತೂರುವಷ್ಟು ತೂತು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಂತಿ. ಹೆಚ್ಚಾದರೆ ನಿದ್ದೆಯಂತೆ ಬರುವ ಮಂಪರು, ಆಮೇಲೆ ಸಾವು. ಮಗುವಿನ ವಾಂತಿಗೆ ಇದೇ ಕಾರಣವೆಂದು ಹೇಳಲು ನಾವು ವೈದ್ಯರಲ್ಲ. ಆದರೆ ತೂತನ್ನು ಕಂಡ ಮೇಲೆ ಅವನು ಮಗಳನ್ನು ಆ ಕಾರಿಗೆ ಹತ್ತಿಸಿರಲಿಲ್ಲ.

ಕೊಳವೆ ಒಳಗಿನಿಂದ ತುಕ್ಕು ಹಿಡಿಯುವುದೇಕೆ? ಒಂದು ಲೀಟರ್ ಪೆಟ್ರೋಲು ಉರಿದರೆ ಹೆಚ್ಚು ಕಡಿಮೆ ಒಂದು ಲೀಟರಿನಷ್ಟು ನೀರೇ ಹುಟ್ಟುತ್ತದೆ. ದೂರದ ಓಟದಲ್ಲಿ ಅದು ಆವಿಯಾಗಿ ಹೊರಹೋಗುತ್ತದೆ. ಅಂಗಡಿಗೂ ಶಾಲೆಗೂ ಮಾತ್ರ ಓಡುವ ಕಾರಿನಲ್ಲಿ ಕೊಳವೆ ಕಾಯುವ ಮೊದಲೇ ಇಂಜಿನ್ ನಿಲ್ಲುತ್ತದೆ, ನೀರು ಒಳಗೇ ಉಳಿಯುತ್ತದೆ. ಪೇಟೆಯಲ್ಲಿ ಸಿದ್ಧ ಕೊಳವೆ ಸಿಗುವುದಿಲ್ಲವೆಂದಲ್ಲ. ಸಾಮಾನ್ಯರಿಗೆ ಅದೇ ಸುಲಭ. ಆದರೆ ಕೈಯಲ್ಲಿ ಕಸುಬಿರುವವನಿಗೆ ಅದು ರುಚಿಸೀತೆ?

ಅವನು ತಂದದ್ದು 304 ಎಂಬ ಜಾತಿಯ ಸ್ಟೇನ್‌ಲೆಸ್ ಸ್ಟೀಲ್. ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕೆಲ್. ಕ್ರೋಮಿಯಂ ಗಾಳಿಯೊಡನೆ ಸೇರಿ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಆ ಪೊರೆ. ಅಯಸ್ಕಾಂತ ಹಿಡಿಯದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಪಾತ್ರೆಯಂಗಡಿಯ ಮಾತನ್ನು ಪೂರ್ತಿ ನಂಬಬಾರದಂತೆ. ನಿಕ್ಕೆಲ್ ಕಡಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಜಾತಿಗೂ ಅಯಸ್ಕಾಂತ ಅಂಟುವುದಿಲ್ಲ.

ಕತ್ತರಿಸುವಾಗ ಕಾಗದದ ಪಟ್ಟಿಯೊಂದನ್ನು ಕೊಳವೆಗೆ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಗೆರೆ ಎಳೆದ. ಗೆರೆ ನೆಟ್ಟಗೆ ಬರಲು ಇದಕ್ಕಿಂತ ಸುಲಭ ಉಪಾಯವಿಲ್ಲ. ಗ್ರೈಂಡರಿಗೆ ಹೊಸ ಚಕ್ರ ಹಾಕಿದ. ಕಬ್ಬಿಣ ಕೊಯ್ದ ಚಕ್ರದಿಂದ ಕೊಯ್ದರೆ ಅದರ ಕಣಗಳು ಅಂಟಿಕೊಂಡು ಸ್ಟೀಲಿಗೂ ತುಕ್ಕು ತರುತ್ತವಂತೆ. ತುದಿಯನ್ನು ಒಳಗೂ ಹೊರಗೂ ಅರದಿಂದ ಉಜ್ಜಿ, ಎರಡು ತುಂಡುಗಳನ್ನು ಜೋಡಿಸಿ ಬೆಳಕಿಗೆ ಹಿಡಿದು ನೋಡಿದ. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು, ಮತ್ತೆ ಉಜ್ಜಿದ. ಹೀಗೆ ಮೂರು ಸಲ.

ಜನ ಇದನ್ನು ಆರ್ಗಾನ್ ವೆಲ್ಡಿಂಗ್ ಎನ್ನುತ್ತಾರೆ. ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಆರ್ಗಾನ್ ಅನಿಲ ಮುಸುಕು ಹಾಕುತ್ತದೆ. ಹೊರಗಡೆ ಸರಿ, ಒಳಗಡೆ? ಅವನ ಮೊದಲ ಪ್ರಯತ್ನದ ತುಂಡನ್ನು ನಮಗೆ ತೋರಿಸಿದ. ಹೊರಗಿನಿಂದ ಬೆಸುಗೆ ಹೊಂಬಣ್ಣ, ನೋಡಲು ಚೆಂದ. ಒಳಗೆ ಇಣುಕಿದರೆ ಸುಟ್ಟ ಬೆಲ್ಲದಂತೆ ಕಪ್ಪು ಹರಳು ಹರಳು! ಅಲ್ಲಿ ಕ್ರೋಮಿಯಂ ಉರಿದುಹೋಗಿ, ತುಕ್ಕಿಗೂ ಬಿರುಕಿಗೂ ಬಾಗಿಲು ತೆರೆದಂತೆ. "ಇದನ್ನು ಹಾಕಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ," ಎಂದು ಅದನ್ನು ಗುಜರಿಯ ಡಬ್ಬಕ್ಕೆ ಎಸೆದ.

ಎರಡನೆಯ ಸಲ ಕೊಳವೆಯ ಎರಡೂ ಬಾಯಿ ಮುಚ್ಚಿ, ಒಂದೆಡೆಯಿಂದ ಒಳಕ್ಕೂ ಆರ್ಗಾನ್ ಬಿಟ್ಟ. ಇನ್ನೊಂದೆಡೆ ಗಾಳಿ ಹೊರಹೋಗಲು ಸಣ್ಣ ತೂತು. ಈ ಸ್ಟೀಲ್ ಸಾದಾ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ ಒಂದೇ ಕಡೆಯಿಂದ ಬೆಸೆಯುತ್ತ ಹೋದರೆ ಕೊಳವೆ ಸೊಟ್ಟಗಾಗುತ್ತದೆ. ಆದಕಾರಣ ಎದುರೆದುರಾಗಿ ನಾಲ್ಕು ಚುಕ್ಕೆ ಮೊದಲು, ಆಮೇಲೆ ಸ್ವಲ್ಪ ಸ್ವಲ್ಪವೇ ತುಂಬಿಸುವುದು. "ಘನವಸ್ತುಗಳ ವ್ಯಾಕೋಚನ, ಎಂಟನೇ ಕ್ಲಾಸು," ಎಂದು ಮುಖವಾಡದೊಳಗಿಂದ ನಕ್ಕ. ನಮಗೆ ಒಳಗೊಳಗೇ ಹಿಗ್ಗಾಯಿತೆಂದು ಒಪ್ಪಿಕೊಳ್ಳುತ್ತೇವೆ.

ಕೆಲಸವೆಲ್ಲ ಬಯಲಿನಲ್ಲೇ. ಸ್ಟೇನ್‌ಲೆಸ್ ಬೆಸೆಯುವಾಗ ಏಳುವ ಹೊಗೆಯಲ್ಲಿ ಕ್ರೋಮಿಯಂನ ವಿಷರೂಪವಿದೆ. ವೆಲ್ಡಿಂಗ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ತೀರ್ಮಾನಿಸಿತು. ಮೂಗಿಗೆ ಕರವಸ್ತ್ರ ಕಟ್ಟಿ ದಿನವಿಡೀ ಬೆಸೆಯುವ ಹುಡುಗರು ನಮ್ಮ ಕುಂಬಳೆ, ಉಪ್ಪಳದಲ್ಲೂ ಇದ್ದಾರೆ; ಅವರ ಮಾಲಕರು ಇದನ್ನು ಓದಿಯಾರೆಂದು ಆಶಿಸೋಣ.

ಸೈಲೆನ್ಸರನ್ನು ಮಾತ್ರ ಅವನು ಬಿಡಲಿಲ್ಲ. ಅದರ ಜಾಗಕ್ಕೆ ಕಂಪೆನಿಯದೇ ಹೊಸತನ್ನು ಹಾಕಿದ. ಅದನ್ನು ತೆಗೆದರೆ ಕಾರು ಗರ್ಜಿಸುತ್ತದೆಂದು ಗೆಳೆಯರು ಪುಸಲಾಯಿಸಿದ್ದರಂತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸೈಲೆನ್ಸರ್ ಇರಲೇಬೇಕು. ವಾಹನವನ್ನು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಮೊಕದ್ದಮೆ ಹೋದದ್ದು ನಮ್ಮ ಕೇರಳದಿಂದಲೇ. ಆದ್ದರಿಂದಲೇ ಕೊಳವೆಯ ದಪ್ಪ, ದಾರಿ, ರಬ್ಬರಿನ ತೂಗುಗಳು ಎಲ್ಲವೂ ಮೊದಲಿನಂತೆಯೇ ಇದ್ದವು. ಹೊಗೆ ಶುದ್ಧಿಗೆ ಬೇರೆ ಡಬ್ಬಿ, ಸೆನ್ಸರುಗಳಿರುವ ಈಚಿನ ಕಾರುಗಳಿಗೆ ಮನೆಯಲ್ಲಿ ಕೈಹಾಕಲೇಬಾರದೆಂದು ಅವನೇ ಹೇಳಿದ.

ಕೊನೆಗೆ ಕೊಳವೆಯ ಬಾಯಿಂದ ಬ್ಲೋವರಿನಲ್ಲಿ ಗಾಳಿ ಊದಿಸಿ, ಪ್ರತಿ ಬೆಸುಗೆಗೂ ಸೋಪಿನ ನೀರು ಹಚ್ಚಿದ. ಗುಳ್ಳೆ ಏಳಲಿಲ್ಲ. ಅವನ ಹೆಂಡತಿಯೂ ಬಗ್ಗಿ ಒಂದೊಂದನ್ನೇ ನೋಡಿದಳು.

ಸಂಜೆ ಎಲ್ಲರೂ ಹೊಸೂರಿಗೆ ಹೊರಟೆವು. ಮಗು ಹಿಂದಿನ ಸೀಟಿನಲ್ಲಿ ನಮ್ಮ ಪಕ್ಕ; ಕಿಟಿಕಿ ಪೂರ್ತಿ ತೆರೆದಿತ್ತು. ಕಾಡಿನಂಚಿನಲ್ಲಿ ಟಾರ್ಚು ಹಿಡಿದ ಮುದುಕನೊಬ್ಬ ಕೈ ಅಡ್ಡ ಮಾಡಿದ: "ಆನೆಗೋಳು ರೋಡು ದಾಟ್ತಾ ಅವೆ. ಇಂಜಿನ್ ನಿಲ್ಸಿ ಸಾಮಿ." ಅರ್ಧ ಗಂಟೆ ಕತ್ತಲಲ್ಲಿ ಕುಳಿತೆವು. ಕೊಂಬೆ ಮುರಿಯುವ ಸದ್ದು ಇಷ್ಟು ಹತ್ತಿರ ಕೇಳಿದ್ದು ನಮಗೆ ಅದೇ ಮೊದಲು. ದಾರಿ ಬಿಟ್ಟು ಕಾರು ಹೊರಟಾಗ ಮಗು ನಮ್ಮ ತೋಳಿಗೆ ಒರಗಿ ಕಣ್ಣು ಮುಚ್ಚಿತ್ತು. ತಂದೆ ಕನ್ನಡಿಯಲ್ಲಿ ನೋಡಿದ, ಮತ್ತೆ ನೋಡಿದ. ಆಮೇಲೆ ಕಾರನ್ನೇ ಬದಿಗೆ ನಿಲ್ಲಿಸಿದ.

"ಸ್ವಲ್ಪ ಎಬ್ಬಿಸಿ ನೋಡಿ ಮಾಷ್ಟ್ರೇ."

ಭುಜ ಅಲುಗಿಸಿದೆವು. ಕಣ್ಣುಜ್ಜಿಕೊಂಡು ಎದ್ದ ಮಗು ಬಿಸ್ಕತ್ತು ಕೇಳಿತು.