ಗೆದ್ದವರು ಗುರುವಾದಾಗ

ಬೈಸಿಕಲ್ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬೆಲ್ಲು, ಬ್ರೇಕು, ಹಿಂದೊಂದು ಕ್ಯಾರಿಯರ್. ಇವಾವುವೂ ಇಲ್ಲದ ಬೈಸಿಕಲ್ ಒಂದುಂಟು. ಅದರ ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವೆಂಬುದಿಲ್ಲ. ಬಾಣಲೆಯ ಅಂಚಿನಂತೆ ಓರೆಯಾಗಿ ಕಟ್ಟಿದ ಪಥದಲ್ಲಿ ಅದನ್ನೋಡಿಸುವ ಸ್ಪರ್ಧೆಯೇ ಟ್ರ್ಯಾಕ್ ಸೈಕ್ಲಿಂಗ್. ಅದರಲ್ಲಿ ತಾವೂ ಗೆದ್ದು ಇತರರನ್ನೂ ಗೆಲ್ಲಿಸಿದವರು ಫ್ರಾನ್ಸಿನ ದಾನಿಯೆಲ್ ಮೊರೆಲೋನ್.

1944ರಲ್ಲಿ ಹುಟ್ಟಿದ ಮೊರೆಲೋನರಿಗೆ 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಸ್ಪ್ರಿಂಟ್ ಸ್ಪರ್ಧೆಯ ಕಂಚು ದೊರೆಯಿತು. 1968ರಲ್ಲಿ ಮೆಕ್ಸಿಕೋದಲ್ಲಿ ಎರಡು ಚಿನ್ನ: ಸ್ಪ್ರಿಂಟಿನಲ್ಲೊಂದು, ಪಿಯರ್ ತ್ರಾಂತಿನರೊಡನೆ ಜೋಡಿ ಸವಾರಿಯಲ್ಲೊಂದು. 1972ರಲ್ಲಿ ಮ್ಯೂನಿಕ್‌ನಲ್ಲಿ ಮತ್ತೆ ಸ್ಪ್ರಿಂಟಿನ ಚಿನ್ನ. ಹವ್ಯಾಸಿಗಳ ವಿಶ್ವ ಸ್ಪ್ರಿಂಟ್ ಪಟ್ಟವಂತೂ ಏಳು ಬಾರಿ ಅವರದಾಯಿತು.

ಸ್ಪ್ರಿಂಟ್ ಇಬ್ಬರ ನಡುವಿನ ಪಂದ್ಯ. ಮುಂದಿರುವವನು ಗಾಳಿಯನ್ನು ಸೀಳುತ್ತ ದಣಿಯುತ್ತಾನೆ. ಹಿಂದಿರುವವನು ಅವನ ಮರೆಯಲ್ಲಿ ಬಲವನ್ನು ಉಳಿಸಿಕೊಳ್ಳುತ್ತಾನೆ. ಆದುದರಿಂದ ಮೊದಲು ಯಾರಿಗೂ ಮುಂದಾಗುವ ಮನಸ್ಸಿಲ್ಲ. ಒಮ್ಮೊಮ್ಮೆ ಇಬ್ಬರೂ ಕಾಲು ನೆಲಕ್ಕೆ ಊರದೆ, ಬೈಸಿಕಲ್ಲಿನ ಮೇಲೆಯೇ ನಿಶ್ಚಲರಾಗಿ ನಿಂತುಬಿಡುತ್ತಾರೆ! ನಿಜವಾದ ಓಟ ಕೊನೆಯ ಇನ್ನೂರು ಮೀಟರಿನ ಆಸುಪಾಸಿನದು. ಕಾಲಿನಷ್ಟೇ ತಲೆಗೂ ಇಲ್ಲಿ ಕೆಲಸ.

1976ರಲ್ಲಿ ಮಾಂಟ್ರಿಯಲ್‌ನಲ್ಲಿ, ಮೂವತ್ತೆರಡರ ಹೊಸ್ತಿಲಲ್ಲಿದ್ದ ಮೊರೆಲೋನರು ಸ್ಪ್ರಿಂಟಿನಲ್ಲಿ ಸತತ ಮೂರನೆಯ ಚಿನ್ನಕ್ಕೆ ಒಂದೇ ಓಟದಷ್ಟು ದೂರದಲ್ಲಿದ್ದರು. ಚೆಕೊಸ್ಲೊವಾಕಿಯಾದ ಆಂಟನ್ ಟ್ಕಾಚ್ ಆ ನಿರ್ಣಾಯಕ ಓಟವನ್ನು ಗೆದ್ದರು. ಮೊರೆಲೋನರಿಗೆ ಉಳಿದದ್ದು ಬೆಳ್ಳಿ.

ಮುಂದೆ ಅವರು ತರಬೇತುದಾರರಾದರು. ಅವರ ಗರಡಿಯಲ್ಲಿ ಪಳಗಿದ ಫೆಲಿಸಿಯಾ ಬಲಾಂಜೆ 1996ರಲ್ಲಿ ಒಂದು, 2000ದಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದರು. ಅನಂತರ ಮೊರೆಲೋನರನ್ನು ಚೀನಾ ಕರೆಸಿಕೊಂಡಿತು. 2008ರಲ್ಲಿ ಬೀಜಿಂಗಿನಲ್ಲಿ ಅವರ ಶಿಷ್ಯೆ ಗುವೊ ಶುವಾಂಗ್ ಸ್ಪ್ರಿಂಟಿನ ಕಂಚು ಪಡೆದರು.

2012ರ ಲಂಡನ್ ಒಲಿಂಪಿಕ್ಸಿನಲ್ಲಿ ಗುವೊ ಶುವಾಂಗ್ ಮತ್ತು ಗೊಂಗ್ ಜಿನ್‌ಜಿಯೆ ತಂಡದ ಸ್ಪ್ರಿಂಟಿನಲ್ಲಿ ಒಂದೇ ದಿನ ಎರಡು ಸಲ ವಿಶ್ವದಾಖಲೆ ಮುರಿದರು. ಅಂತಿಮ ಓಟದಲ್ಲೂ ಅವರೇ ಮೊದಲು ಗೆರೆ ದಾಟಿದರು. ಆದರೆ ಒಬ್ಬಳು ಇನ್ನೊಬ್ಬಳಿಗೆ ದಾರಿ ಬಿಟ್ಟುಕೊಟ್ಟ ರೀತಿಯಲ್ಲಿ ತಪ್ಪಾಯಿತೆಂದು ತೀರ್ಪುಗಾರರು ಸಾರಿದರು. ಚಿನ್ನ ಜರ್ಮನಿಯ ಪಾಲಾಯಿತು. ಮೊರೆಲೋನರು ಬಹಿರಂಗವಾಗಿಯೇ ಆಕ್ಷೇಪಿಸಿದರು, ತೀರ್ಪು ಬದಲಾಗಲಿಲ್ಲ.

ಆದರೆ ಗುವೊ ಮರುದಿನವೇ ಮತ್ತೆ ಪಥಕ್ಕಿಳಿದು ಕೈರಿನ್ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು; ಕೆಲವು ದಿನಗಳ ಬಳಿಕ ಸ್ಪ್ರಿಂಟಿನ ಕಂಚನ್ನೂ ಗೆದ್ದರು. ಕೈಗೆಟುಕಿದ ಚಿನ್ನ ಜಾರುವುದೆಂದರೇನೆಂದು ಬಲ್ಲ ಗುರು ಅವರಿಗಿದ್ದರು. ಶಾಲಾ ಕ್ರೀಡಾಕೂಟದಿಂದ ಬರಿಗೈಯಲ್ಲಿ ಮನೆಗೆ ಮರಳುವ ನಮ್ಮ ಮಕ್ಕಳ ಬಳಿಯೂ ಹೀಗೊಬ್ಬರು ನಿಲ್ಲಲಿ ಎಂದು ನಾವು ಹಾರೈಸುತ್ತೇವೆ.