ಮರದ ತೊಗಟೆಯೂ ಬೇರಿನ ಆಹಾರವೂ

ಹೊಲದ ಬದುವಿನಲ್ಲಿರುವ ಮಾವಿನ ಮರಕ್ಕೆ ದನಗಳನ್ನು ಕಟ್ಟುವುದು ಅನೇಕ ಗ್ರಾಮಗಳಲ್ಲಿ ರೂಢಿಯಾಗಿದೆ. ಹಗ್ಗವು ಪ್ರತಿದಿನವೂ ಒಂದೇ ಎಡೆಯಲ್ಲಿ ಉಜ್ಜುವುದರಿಂದ, ಕಾಲಕ್ರಮದಲ್ಲಿ ಕಾಂಡದ ಸುತ್ತಲೂ ತೊಗಟೆಯು ಸವೆದುಹೋಗುತ್ತದೆ. ಆದರೂ ಎಲೆಗಳು ಬಾಡುವುದಿಲ್ಲ. ಆ ವರ್ಷ ಕಾಯಿಯು ಹೆಚ್ಚಾಗಿ ಬಿಡುವುದೂ ಉಂಟು. ಮರಕ್ಕೆ ಏನೂ ಆಗಲಿಲ್ಲವೆಂದು ಯಜಮಾನನು ಸುಮ್ಮನಿರುತ್ತಾನೆ. ತರುವಾಯ ಮರವು ಒಣಗಿದಾಗ ದೋಷವನ್ನು ಮಳೆಯ ಮೇಲೋ ಗೆದ್ದಲಿನ ಮೇಲೋ ಹೊರಿಸುತ್ತಾನೆ. ನಿಜವಾದ ಕಾರಣವು ಆ ಹಗ್ಗವೇ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಕಾಂಡದ ಒಳರಚನೆಯನ್ನು ಅರಿಯಬೇಕು.

ಕಾಂಡದಲ್ಲಿ ಎರಡು ಬಗೆಯ ಸೂಕ್ಷ್ಮನಾಳಗಳಿವೆ. ಜಲನಾಳಗಳು ತೊಗಟೆಯಿಂದ ಒಳಗೆ, ಮರದ ಭಾಗದಲ್ಲಿರುತ್ತವೆ. ಬೇರು ಹೀರಿದ ನೀರೂ ಅದರಲ್ಲಿ ಕರಗಿದ ಲವಣಗಳೂ ಇವುಗಳ ಮೂಲಕ ಮೇಲೇರುತ್ತವೆ. ಎಲೆಗಳಿಂದ ನೀರು ಆವಿಯಾಗಿ ಹೋದಂತೆಲ್ಲಾ, ಕೆಳಗಿನ ನೀರು ಕಡಿಯದ ದಾರದಂತೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ಈ ತತ್ತ್ವವನ್ನು ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು 1894ರಲ್ಲಿ ಪ್ರತಿಪಾದಿಸಿದರು.

ಆಹಾರನಾಳಗಳಾದರೋ ತೊಗಟೆಯ ಒಳಪದರದಲ್ಲಿಯೇ ಇರುತ್ತವೆ. ಎಲೆಗಳು ಬಿಸಿಲಿನ ಬಲದಿಂದ ತಯಾರಿಸಿದ ಸಕ್ಕರೆಯು ಇವುಗಳ ಮೂಲಕ ಚಿಗುರು, ಕಾಯಿ ಮತ್ತು ಬೇರುಗಳಿಗೆ ಹರಿಯುತ್ತದೆ. ಇಟಲಿಯ ಮಾಲ್ಪಿಘಿ ಎಂಬ ಪಂಡಿತರು 17ನೆಯ ಶತಮಾನದಲ್ಲಿ ಕಾಂಡದ ತೊಗಟೆಯನ್ನು ಬಳೆಯಾಕಾರವಾಗಿ ತೆಗೆದು ಪರೀಕ್ಷಿಸಿದರು. ಗಾಯದ ಮೇಲ್ಗಡೆಯ ಭಾಗವು ಉಬ್ಬಿತು. ಕೆಳಗಿಳಿಯುತ್ತಿದ್ದ ಆಹಾರವು ಅಲ್ಲಿ ತಡೆಯಲ್ಪಟ್ಟುದೇ ಇದಕ್ಕೆ ಕಾರಣ.

ಹಗ್ಗವು ಮಾಡುವ ಗಾಯವೂ ಇಂತಹದೇ. ಒಳಗಿನ ಜಲನಾಳಗಳು ಉಳಿದಿರುವುದರಿಂದ ಎಲೆಗಳು ಹಸುರಾಗಿರುತ್ತವೆ. ಕೆಳಗಿಳಿಯಲಾರದ ಆಹಾರವು ಮೇಲೆಯೇ ನಿಂತು ಕಾಯಿಗಳಿಗೆ ಒದಗುತ್ತದೆ. ಬೇರುಗಳಾದರೋ ತಮ್ಮಲ್ಲಿ ಶೇಖರವಾಗಿದ್ದುದನ್ನು ಮುಗಿಸಿ ಉಪವಾಸದಿಂದ ಸಾಯುತ್ತವೆ. ಬೇರು ಸತ್ತ ಮೇಲೆ ಎಲೆಗಳಿಗೆ ನೀರೆಲ್ಲಿಯದು?

ತೆಂಗು ಅಡಿಕೆಗಳ ರಚನೆಯು ಬೇರೆ. ಇವುಗಳಲ್ಲಿ ನಾಳಗಳು ಕಂತೆಕಂತೆಯಾಗಿ ಕಾಂಡದಲ್ಲೆಲ್ಲಾ ಹರಡಿರುವುದರಿಂದ ಹೊರಗಿನ ಗಾಯದಿಂದ ಮರವು ಒಡನೆ ಸಾಯದು. ಆದರೆ ಗಾಯವನ್ನು ಮುಚ್ಚತಕ್ಕ ಬೆಳೆಯುವ ಪದರವು ಇಲ್ಲವಾದುದರಿಂದ, ತೆಂಗಿನ ಮರವನ್ನು ಹತ್ತುವುದಕ್ಕಾಗಿ ಕಡಿದ ಮೆಟ್ಟಿಲು ಎಂದಿಗೂ ಮಾಯುವುದಿಲ್ಲ. ಕೆಂಪುಮೂತಿ ಹುಳುವು ಇಂತಹ ಗಾಯಗಳಲ್ಲಿ ಮೊಟ್ಟೆಯಿಡುತ್ತದೆ.

ಆದುದರಿಂದ ದನಗಳಿಗೆ ಪ್ರತ್ಯೇಕವಾಗಿ ಗೂಟವನ್ನು ನೆಡತಕ್ಕದ್ದು. ಮಾವಿನ ತೊಗಟೆಯು ಒಂದು ಪಾರ್ಶ್ವದಲ್ಲಿ ಮಾತ್ರ ಕೆಟ್ಟಿದ್ದರೆ, ಗಾಯದ ಅಂಚನ್ನು ಹರಿತವಾದ ಚಾಕುವಿನಿಂದ ಸವರಿ ಬೋರ್ಡೋ ಮುಲಾಮನ್ನು ಬಳಿಯಬೇಕು. ಇದಕ್ಕೆ 100 ಗ್ರಾಂ ಮೈಲುತುತ್ತವನ್ನೂ 100 ಗ್ರಾಂ ಸುಣ್ಣವನ್ನೂ ತಲಾ ಅರ್ಧ ಲೀಟರು ನೀರಿನಲ್ಲಿ ಬೇರೆಬೇರೆಯಾಗಿ ಕದಡಿ, ಅನಂತರ ಬೆರೆಸತಕ್ಕದ್ದು. ಕಬ್ಬಿಣದ ಪಾತ್ರೆಯು ಕೂಡದು. ಸುತ್ತಲೂ ತೊಗಟೆಯು ಹೋಗಿದ್ದರೆ, ಅದೇ ಜಾತಿಯ ಎಳೆಯ ಕಡ್ಡಿಗಳನ್ನು ಗಾಯದ ಮೇಲಣ ಮತ್ತು ಕೆಳಗಣ ತೊಗಟೆಗಳಿಗೆ ಸೇತುವೆಯಂತೆ ಕಸಿಮಾಡುವುದೊಂದೇ ಉಪಾಯ. ಇದಕ್ಕೆ ನುರಿತವರ ಕೈಯೇ ಬೇಕು.

ಗ್ರಾಮದ ಮುಖಂಡರು ಬದುವಿನ ಮರಗಳನ್ನು ಒಮ್ಮೆ ಸುತ್ತಿ ನೋಡಿ, ಕಟ್ಟಿದ ಹಗ್ಗಗಳನ್ನು ಬಿಚ್ಚಿಸಿದರೆ, ಕಾಸಿನ ಖರ್ಚಿಲ್ಲದೆ ತಲೆಮಾರಿನ ಫಲವು ಉಳಿಯುತ್ತದೆ.